ಬಳ್ಳಾರಿಯ ಮನೆಯಲ್ಲಿ ಪ್ಲಗ್ ಹಾಕುವ 400 ವಾಟ್ ಸೋಲಾರ್ ಫಲಕ ಬಳಸಬಹುದೇ? ಬಿಲ್ ಎಷ್ಟು ಉಳಿಯುತ್ತದೆ?

ಜರ್ಮನಿಯಲ್ಲಿ ಬಾಲ್ಕನಿಗೆ ಫಲಕ ಕಟ್ಟಿ ಸಾಕೆಟ್‌ಗೆ ಪ್ಲಗ್ ಹಾಕುತ್ತಾರಲ್ಲ, ನಾವೂ ಹಾಗೆ ಮಾಡಬಹುದೇ ಎಂದು ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ವೈರಿಂಗ್ ಕೆಲಸ ಮಾಡುವವನು. ನಮಗೆ ವಿದ್ಯುತ್ ಕೊಡುವ ಕಂಪನಿ ಜೆಸ್ಕಾಂನ ಒಪ್ಪಿಗೆ ಇಲ್ಲದೆ ದಯವಿಟ್ಟು ಹಾಕಬೇಡಿ.

ಫಲಕದ ವಿದ್ಯುತ್ತನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ (ಬ್ಯಾಟರಿಯ ಇನ್ವರ್ಟರ್ ಅಲ್ಲ) 800 ವಾಟ್ ಮೀರದಿದ್ದರೆ ನೋಂದಣಿ ಸಾಕು ಎಂದು ಜರ್ಮನಿ 2024ರಲ್ಲಿ ಕಾನೂನನ್ನೇ ಸಡಿಲಿಸಿತು. ನಮ್ಮಲ್ಲಿ ಆ ಸಡಿಲಿಕೆ ಇಲ್ಲ. ಫಲಕ ಎಷ್ಟೇ ಚಿಕ್ಕದಿರಲಿ, ಅದರ ವಿದ್ಯುತ್ ಲೈನಿಗೆ ಸೇರುವುದಾದರೆ ಅರ್ಜಿ ಹಾಕಬೇಕು, ಒಳಬಂದದ್ದನ್ನೂ ಹೊರಹೋದದ್ದನ್ನೂ ಬೇರೆ ಬೇರೆ ಲೆಕ್ಕ ಇಡುವ ಮೀಟರ್ ಬೇಕು. ಕರೆಂಟ್ ಹೋದಾಗ ಒಳ್ಳೆಯ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಅಗ್ಗದ್ದು ನಿಲ್ಲದಿದ್ದರೆ, ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನಿಮ್ಮ ಜೇಬಿಗೂ ಪೆಟ್ಟು ಬೀಳಬಹುದು. ಮಧ್ಯಾಹ್ನ ಮನೆಯಲ್ಲಿ ಫ್ರಿಜ್ ಬಿಟ್ಟು ಬೇರೇನೂ ಓಡದಿದ್ದರೆ ಮಿಕ್ಕ ವಿದ್ಯುತ್ ಹೊರಗೆ ಹರಿಯುತ್ತದೆ. ಸಾಮಾನ್ಯ ಡಿಜಿಟಲ್ ಮೀಟರ್‌ಗಳಲ್ಲಿ ಹಲವು ಅದನ್ನೂ ನೀವು ಬಳಸಿದ್ದೆಂದೇ ಎಣಿಸುತ್ತವೆ.

ಉಳಿತಾಯದ ಲೆಕ್ಕ ನೋಡೋಣ. ನಮ್ಮ ಬಿಸಿಲಿಗೆ 400 ವಾಟ್ ಫಲಕ ತಿಂಗಳಿಗೆ 45ರಿಂದ 50 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ 300 ರೂಪಾಯಿ ದಾಟುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮಗೆ ಶೂನ್ಯ ಬಿಲ್ ಬರುತ್ತಿದ್ದರೆ ಉಳಿಯುವುದೂ ಶೂನ್ಯವೇ. ಆದರೆ ಬೇಸಿಗೆಯಲ್ಲಿ ಕೂಲರ್ ಹಚ್ಚಿ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು, ಸಾವಿರದ ಇನ್ನೂರು ರೂಪಾಯಿಗೂ ಹೆಚ್ಚು. ನಮ್ಮ ಊರಿನ ಮನೆಗಳು ಏಟು ತಿನ್ನುವುದು ಆ ಗಡಿಯಲ್ಲಿಯೇ.

ಆ ಗಡಿಯೊಳಗೆ ಉಳಿಯಲು ಫಲಕಕ್ಕಿಂತ ಸುಲಭದ ದಾರಿಯೊಂದಿದೆ, ಫ್ಯಾನ್ ಬದಲಿಸುವುದು. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್‌ಗೆ 30 ವಾಟ್ ಸಾಕು. ದಿನಕ್ಕೆ 12 ತಾಸು ತಿರುಗುವ ಮೂರು ಫ್ಯಾನ್ ಬದಲಿಸಿದರೆ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ನೀವು ಕೇಳಿದ ಫಲಕ ಕೊಡುವಷ್ಟೇ! ಯಾರ ಅನುಮತಿಯೂ ಬೇಡ, ರಾತ್ರಿಯೂ ಉಳಿತಾಯ.

ಸೋಲಾರೇ ಬೇಕೆಂದಿದ್ದು ಮಾಳಿಗೆ ನಿಮ್ಮದೇ ಆಗಿದ್ದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅರ್ಜಿ ಹಾಕಿ. 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ ಇದೆ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಲು ಹೇಳಿ. ಅದಿರಿನ ಲಾರಿಗಳು ಓಡಾಡುವ ಕಡೆ ಕೆಂಧೂಳು ಬೇಗ ಕೂರುತ್ತದೆ, ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ತೊಳೆಯಿರಿ. ಬೋರ್ ನೀರು ಸುರಿದು ಹಾಗೆಯೇ ಒಣಗಲು ಬಿಟ್ಟರೆ ಬಿಳಿ ಕಲೆ ಕಟ್ಟುತ್ತದೆ, ತಕ್ಷಣ ಬಟ್ಟೆಯಿಂದ ಒರೆಸಿಬಿಡಿ.