ದುರ್ಮಾಂಸ ತೆಗೆದ ಜಾಗಕ್ಕೆ ಗರ್ಭದ ಪೊರೆ

ಪ್ರಶ್ನೆ: ನನಗೆ 52 ವರ್ಷ. ಬಿಸಿಲಿನಲ್ಲೇ ಓಡಾಡುವ ಕೆಲಸ. ಎಡಗಣ್ಣಿನಲ್ಲಿ ಮೂಗಿನ ಕಡೆಯಿಂದ ಬೆಳೆದ ದುರ್ಮಾಂಸವನ್ನು ನಾಲ್ಕು ವರ್ಷಗಳ ಹಿಂದೆ ತೆಗೆಸಿದ್ದೆ. ಎಂಟೇ ತಿಂಗಳಲ್ಲಿ ಅದು ಮರಳಿತು. ಈಗ ಕರಿಗುಡ್ಡೆಯ ಮೇಲೆ ಹಬ್ಬಿ ದೃಷ್ಟಿ ಮಂಜಾಗಿದೆ. ಗ್ಲಾಕೋಮಾಕ್ಕೆ (ಕಣ್ಣಿನೊತ್ತಡ ಹೆಚ್ಚಿ ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ) ದಿನವೂ ಹನಿ ಹಾಕಿಕೊಳ್ಳುತ್ತೇನೆ. ಈ ಬಾರಿ ಹೆರಿಗೆಯ ಮಾಸಿನಿಂದ ಪಡೆದ ಪೊರೆಯನ್ನು ಆ ಜಾಗಕ್ಕೆ ಹಚ್ಚುವುದಾಗಿ ವೈದ್ಯರು ಹೇಳಿದ್ದಾರೆ. ಬೇರೆಯವರ ದೇಹದ ಪೊರೆ ನನ್ನ ಕಣ್ಣಿಗೆ ಒಗ್ಗುವುದೇ? ಮತ್ತೆ ಬೆಳೆಯುವುದಿಲ್ಲವೆಂಬ ಖಾತರಿ ಉಂಟೇ?

ಉತ್ತರ: ಪೊರೆ ಒಗ್ಗುತ್ತದೆ, ಖಾತರಿಯನ್ನು ಮಾತ್ರ ಯಾವ ವೈದ್ಯರೂ ಕೊಡಲಾರರು.

ಟೆರಿಜಿಯಮ್ ಎಂದು ಕರೆಯುವ ಈ ಬೆಳವಣಿಗೆಯ ಮುಖ್ಯ ಕಾರಣಗಳಲ್ಲಿ ಬಿಸಿಲಿನ ನೇರಳಾತೀತ ಕಿರಣಗಳು ಒಂದು. ಅದನ್ನು ಕತ್ತರಿಸಿ ತೆಗೆದು, ಕೆಳಗಿನ ಬಿಳಿಗುಡ್ಡೆಯನ್ನು ಬರಿದಾಗಿ ಬಿಟ್ಟರೆ, ಗಾಯ ಮಾಯುವ ಭರದಲ್ಲಿ ಅಕ್ಕಪಕ್ಕದ ಅಂಗಾಂಶವೂ ರಕ್ತನಾಳಗಳೂ ಆ ಖಾಲಿ ಜಾಗಕ್ಕೆ ನುಗ್ಗುತ್ತವೆ. ಮರುಕಳಿಕೆಗಳಲ್ಲಿ ಹೆಚ್ಚಿನವು ಮೊದಲ ವರ್ಷದೊಳಗೇ ಕಾಣಿಸಿಕೊಳ್ಳುತ್ತವೆ. ನಿಮ್ಮ ಎಂಟು ತಿಂಗಳ ಅನುಭವವೂ ಅದೇ. ಆದ್ದರಿಂದಲೇ ಈಗ ಆ ಜಾಗವನ್ನು ಏನಾದರೊಂದರಿಂದ ಮುಚ್ಚುವುದು ರೂಢಿಯಾಗಿದೆ.

ಮುಚ್ಚಲು ಬಳಸುವ ಆಮ್ನಿಯಾಟಿಕ್ ಪೊರೆಯು ಗರ್ಭಚೀಲದ ಅತ್ಯಂತ ಒಳಗಿನ ಪದರ. ಕಣ್ಣಿನ ಮೇಲ್ಮೈಗೆ ಇಂತಹ ಪೊರೆಯನ್ನು 1940ರಲ್ಲೇ ಬಳಸಿದ್ದರೂ, ಅದು ಮತ್ತೆ ಬಳಕೆಗೆ ಬಂದದ್ದು 1995ರ ಪ್ರಯೋಗಗಳ ನಂತರ. ಪೂರ್ವನಿಗದಿತ ಸಿಸೇರಿಯನ್ ಹೆರಿಗೆಯಾದ ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳನ್ನು ಮಾಡಿಸಿ, ಪೊರೆಯನ್ನು ಶೈತ್ಯೀಕರಿಸಿ ಅಥವಾ ಒಣಗಿಸಿ ಕಾಪಿಡುತ್ತಾರೆ. ಅದರಲ್ಲಿ ರಕ್ತನಾಳಗಳಿಲ್ಲ, ಕಾಪಿಟ್ಟ ಪೊರೆಯಲ್ಲಿ ಜೀವಂತ ಕೋಶಗಳೂ ಬಹುತೇಕ ಉಳಿದಿರುವುದಿಲ್ಲ. ಹಾಗಾಗಿ ಮೂತ್ರಪಿಂಡ ಕಸಿಯಂತೆ ದೇಹ ಅದನ್ನು ತಿರಸ್ಕರಿಸುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಅದು ಉರಿಯೂತವನ್ನೂ ಕಲೆಗಟ್ಟುವುದನ್ನೂ ತಗ್ಗಿಸುತ್ತದೆ, ನಿಮ್ಮದೇ ಕೋಶಗಳು ಹರಡಿಕೊಳ್ಳಲು ಹಾಸಾಗುತ್ತದೆ, ಬಳಿಕ ಕ್ರಮೇಣ ಕರಗಿಹೋಗುತ್ತದೆ.

ಶಸ್ತ್ರಚಿಕಿತ್ಸೆಯ ವೇಳೆ ಈ ಪೊರೆಯ ಯಾವ ಮುಖ ಮೇಲೆ ಬರಬೇಕೆಂಬುದು ಮುಖ್ಯ, ಆದರೆ ಎರಡೂ ಮುಖಗಳು ನೋಡಲು ಒಂದೇ ರೀತಿ. ಆಗ ವೈದ್ಯರು ಒಣ ಸ್ಪಂಜಿನ ತುದಿಯನ್ನು ಮೆಲ್ಲಗೆ ಮುಟ್ಟಿಸಿ ಎತ್ತುತ್ತಾರೆ: ಅಂಟಂಟಾಗಿ ಎಳೆ ಬಂದರೆ ಅದು ಕೆಳಗಿರಬೇಕಾದ ಮುಖ. ನಂತರ ಸೂಕ್ಷ್ಮ ಹೊಲಿಗೆಗಳಿಂದಲೋ ಫೈಬ್ರಿನ್ ಅಂಟಿನಿಂದಲೋ ಅದನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಕಣ್ಣಿಗಷ್ಟೇ ಅರಿವಳಿಕೆ ಸಾಕು.

ಆದರೂ ಒಂದು ಮಾತನ್ನು ಮರೆಮಾಚಬಾರದು. ಮರುಕಳಿಕೆಯನ್ನು ತಡೆಯುವುದರಲ್ಲಿ, ರೋಗಿಯ ಕಣ್ಣಿನದೇ ಮೇಲ್ಭಾಗದಿಂದ ತೆಗೆದ ಕಂಜಂಕ್ಟೈವಾದ (ಬಿಳಿಗುಡ್ಡೆಯನ್ನು ಹೊದ್ದಿರುವ ತೆಳು ಪದರದ) ತುಣುಕು ಈ ಪೊರೆಗಿಂತ ಮೇಲು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಕಾಕ್ರೇನ್ ಸಮೀಕ್ಷೆಯೂ ಇದನ್ನೇ ಕಂಡುಕೊಂಡಿದೆ. ಪೊರೆ ಹೊಸದು ಎಂಬ ಕಾರಣಕ್ಕೆ ಉತ್ತಮವೆಂದು ಭಾವಿಸುವ ರೋಗಿಗಳನ್ನು ನಾನು ಆಗಾಗ ನೋಡುತ್ತೇನೆ. ಹಾಗಿದ್ದರೂ ನಿಮ್ಮ ವೈದ್ಯರ ಆಯ್ಕೆ ಅಸಮಂಜಸವೆನ್ನಲಾರೆ. ಗ್ಲಾಕೋಮಾಕ್ಕೆ ಮುಂದೆಂದಾದರೂ ಶಸ್ತ್ರಚಿಕಿತ್ಸೆ ಬೇಕಾದರೆ ಕಣ್ಣಿನ ಮೇಲ್ಭಾಗದ ಆ ಕಂಜಂಕ್ಟೈವಾ ಅಖಂಡವಾಗಿರಬೇಕಾಗುತ್ತದೆ, ಬಹುಶಃ ಅದನ್ನು ಉಳಿಸುವುದೇ ಅವರ ಉದ್ದೇಶ. ಮುಚ್ಚಬೇಕಾದ ಜಾಗ ತೀರ ದೊಡ್ಡದಾಗಿದ್ದಾಗಲೂ ಪೊರೆಯನ್ನೇ ಆಶ್ರಯಿಸುತ್ತಾರೆ. ಕೆಳಭಾಗದ ಕಂಜಂಕ್ಟೈವಾವನ್ನು ಬಳಸಲು ಸಾಧ್ಯವೇ, ಮೈಟೊಮೈಸಿನ್ ಔಷಧಿಯನ್ನೂ ಹಚ್ಚುವರೇ ಎಂದು ಕೇಳಿ ತಿಳಿದುಕೊಳ್ಳಿ. ಈ ಔಷಧಿ ಮರುಕಳಿಕೆಯನ್ನು ತಗ್ಗಿಸುತ್ತದೆಯಾದರೂ ಅಪರೂಪಕ್ಕೆ ಬಿಳಿಗುಡ್ಡೆಯನ್ನೇ ತೆಳುವಾಗಿಸುವುದುಂಟು.

ಮಂಜು ಪೂರ್ತಿ ಹೋಗದಿರಬಹುದು. ಮಾಂಸದ ಎಳೆತದಿಂದ ಕಾರ್ನಿಯಾದ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ) ವಕ್ರತೆ ಬದಲಾಗಿದ್ದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ, ಉಳಿದ ಕಲೆ ಹೋಗುವುದಿಲ್ಲ. ಹೊಸ ಕನ್ನಡಕದ ಸಂಖ್ಯೆಯನ್ನು ಕೆಲವು ವಾರಗಳ ಬಳಿಕವೇ ನೋಡಿಸಿ.

ಚಿಕಿತ್ಸೆಯ ನಂತರ ವಾರಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಬೇಕಾಗುತ್ತದೆ ಮತ್ತು ಅದು ಕಣ್ಣಿನೊತ್ತಡವನ್ನು ಏರಿಸಬಲ್ಲದು. ಗ್ಲಾಕೋಮಾದ ಹನಿಯ ವಿಷಯವನ್ನು ಶಸ್ತ್ರಚಿಕಿತ್ಸಕರಿಗೆ ಮತ್ತೊಮ್ಮೆ ನೆನಪಿಸಿ, ಒತ್ತಡವನ್ನು ಯಾವ ದಿನಗಳಂದು ಅಳೆಯುವರೆಂದು ಮೊದಲೇ ಬರೆಸಿಕೊಳ್ಳಿ.