ಹಳೇ ಕಾರಿನ ಎಸ್‌ಒಎಸ್ ಬಟನ್‌ಗೆ ಜಾಸ್ತಿ ದುಡ್ಡು ಕೊಡಬೇಡಿ

ನೀವು ಕೇಳಿದ್ದು: ಮುಂದಿನ ತಿಂಗಳು ಅಮೆರಿಕಕ್ಕೆ ಬರ್ತಿದ್ದೀರಿ, ಬಂದ ಕೂಡಲೇ ಸೆಕೆಂಡ್ ಹ್ಯಾಂಡ್ ಕಾರು ಬೇಕು. ನೋಡಿಟ್ಟಿರುವುದು 2016–17ರ ಮಾಡೆಲ್. ಎಸ್‌ಒಎಸ್ (ಒತ್ತಿದರೆ ತುರ್ತು ಸಹಾಯಕ್ಕೆ ಕರೆ ಹೋಗುವ) ಬಟನ್ ಇದೆ, ಫೋನಿನಿಂದಲೇ ಸ್ಟಾರ್ಟ್ ಮಾಡಬಹುದು, ಕಳುವಾದರೆ ಎಲ್ಲಿದೆ ಅಂತ ಆ್ಯಪ್ ತೋರಿಸುತ್ತೆ ಎಂದು ಜಾಹೀರಾತಿನಲ್ಲಿದೆ. ಇವಿಲ್ಲದ ಅದೇ ವರ್ಷದ ಇನ್ನೊಂದು ಕಾರಿಗಿಂತ 800 ಡಾಲರ್ ಜಾಸ್ತಿ ಹೇಳ್ತಿದ್ದಾರೆ, ಕೊಡಬಹುದಾ ಅಂತ. ಬೇಡ. ಆ ಮೂರೂ ಸತ್ತುಹೋಗಿರುವ ಸಾಧ್ಯತೆಯೇ ಹೆಚ್ಚು. ಮಾರುವವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಬಟನ್ ಇನ್ನೂ ಅದರ ಜಾಗದಲ್ಲೇ ಇರುತ್ತಲ್ಲ.

ಈ ಸೌಲಭ್ಯಗಳೆಲ್ಲ ನಡೆಯುವುದು ಡ್ಯಾಶ್‌ಬೋರ್ಡ್ ಹಿಂದಿರುವ ಒಂದು ಡಬ್ಬಿಯಿಂದ. ಅದರೊಳಗೆ ಮೋಡೆಮ್, ಬೆಸುಗೆ ಹಾಕಿದ ಸಿಮ್ ಇರುತ್ತವೆ, ಅದಕ್ಕೊಂದು ಆಂಟೆನಾ. ಆ ಮೋಡೆಮ್ 3ಜಿ ಆಗಿದ್ದರೆ ಅದು ಮಾತಾಡಬೇಕಾದ ಟವರ್ ಈಗ ಇಲ್ಲ. ಇಲ್ಲಿನ ಮೊಬೈಲ್ ಕಂಪನಿಗಳಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿ 22ರಂದು 3ಜಿ ನಿಲ್ಲಿಸಿತು, ಟಿ-ಮೊಬೈಲ್ ಅದೇ ವರ್ಷದ ಜುಲೈನಿಂದ, ವೆರೈಜನ್ ವರ್ಷದ ಕೊನೆಗೆ. ಭಾರತದಲ್ಲಿ 2ಜಿ ಇನ್ನೂ ಓಡ್ತಿರುವುದರಿಂದ ಹಳೆಯ ನೆಟ್‌ವರ್ಕ್ ಹೇಗೋ ಉಳಿದಿರುತ್ತೆ ಅಂತ ನಮಗೆ ಅನ್ನಿಸುತ್ತೆ. ಇಲ್ಲಿ ಹಾಗಲ್ಲ. 2008ರ ಫೆಬ್ರವರಿಯಲ್ಲಿ ಅನಲಾಗ್ ನೆಟ್‌ವರ್ಕ್ ನಡೆಸಬೇಕೆಂಬ ಸರ್ಕಾರಿ ನಿಯಮ ಮುಗಿದಾಗ ಹಳೆಯ ಆನ್‌ಸ್ಟಾರ್ (ಜನರಲ್ ಮೋಟರ್ಸ್‌ನ ಇಂಥದೇ ಸೇವೆ) ಕಾರುಗಳು ಹೀಗೇ ಮೂಕವಾದವು. ನಿಸ್ಸಾನ್ ಲೀಫ್‌ನದ್ದಂತೂ ಎರಡೆರಡು ಸಲದ ಕತೆ: ಮೊದಲ ವರ್ಷಗಳ ಲೀಫ್‌ನಲ್ಲಿದ್ದದ್ದು 2ಜಿ, ಎಟಿ ಅಂಡ್ ಟಿ ಅದನ್ನು 2017ರ ಹೊತ್ತಿಗೆ ನಿಲ್ಲಿಸಿತು; ದುಡ್ಡು ಕೊಟ್ಟು 3ಜಿ ಡಬ್ಬಿ ಹಾಕಿಸಿಕೊಂಡವರಿಗೆ ಅದು ಬಾಳಿದ್ದು ಐದೇ ವರ್ಷ.

"ಸಿಮ್ ಬದಲಾಯಿಸಿದರೆ ಆಗಲ್ವಾ?" ಆಗಲ್ಲ. ಸಿಮ್ ಹೊಸದಾದರೂ ರೇಡಿಯೋ ಚಿಪ್ ಹಳೆಯದೇ. ಡಬ್ಬಿಯನ್ನೇ ಬದಲಾಯಿಸಿದರೂ ಕಂಪನಿಯ ಸರ್ವರ್‌ನಲ್ಲಿ ಅದು ನಿಮ್ಮ ಕಾರಿನ ವಿನ್ (ಪ್ರತಿ ಕಾರಿಗೂ ಬೇರೆಯಾದ ಗುರುತಿನ ಸಂಖ್ಯೆ) ನಂಬರ್‌ಗೆ ನೋಂದಣಿಯಾಗಬೇಕು. ಗುಜರಿಯಿಂದ ತಂದ 4ಜಿ ಡಬ್ಬಿ ಕೂರಿಸಿ ಗೆಲ್ಲುವ ಆಸೆ ಬಿಡಿ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಜಾಹೀರಾತಿನಲ್ಲಿ "4ಜಿ ಎಲ್‌ಟಿಇ" ಅಂತ ಕಂಡ ಮಾತ್ರಕ್ಕೆ ನಿಶ್ಚಿಂತೆಯಿಂದಿರಬೇಡಿ. ಮೊದಮೊದಲ 4ಜಿ ಕಾರುಗಳು ಡೇಟಾಗೆ ಮಾತ್ರ 4ಜಿ ಬಳಸುತ್ತಿದ್ದವು. ಕರೆ ಮಾಡುವಾಗ 3ಜಿಗೆ ಇಳಿಯುತ್ತಿದ್ದವು, ಆಗಿನ ಫೋನುಗಳ ಹಾಗೆಯೇ. 4ಜಿಯಲ್ಲೇ ಕರೆ ಹೋಗಬೇಕಾದರೆ ವೋಲ್ಟಿ (VoLTE) ಎಂಬ ಸೌಲಭ್ಯ ಬೇಕು. ಅದಿಲ್ಲದ ಕಾರಿನಲ್ಲಿ ವೈಫೈ ಹಾಟ್‌ಸ್ಪಾಟ್ ಚೆನ್ನಾಗಿ ನಡೆಯುತ್ತಿದ್ದು, ಅಪಘಾತದ ಹೊತ್ತಿನ ಕರೆ ಮಾತ್ರ ಹೋಗದೆ ಇರಬಹುದು. ಜನರಲ್ ಮೋಟರ್ಸ್ 2015ರ ನಂತರದ ಅನೇಕ ಕಾರುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿ ಇದನ್ನು ಸರಿಮಾಡಿತು. ಹೋಂಡಾ ಕೂಡ ಕೆಲವು ಮಾಡೆಲ್‌ಗಳಿಗೆ ಅಪ್‌ಡೇಟ್ ಕೊಟ್ಟಿತು, ಆದರೆ ಅದನ್ನು 3ಜಿ ನಿಲ್ಲುವ ಮೊದಲೇ ಹಾಕಿಕೊಳ್ಳಬೇಕಿತ್ತು. ಹಳೆಯ ಮಾಲೀಕರು ಆಗ "ಆಮೇಲೆ" ಒತ್ತಿದ್ದರೆ ಕತೆ ಅಲ್ಲಿಗೇ ಮುಗಿದಿರುತ್ತೆ. ಟೊಯೊಟಾದಲ್ಲಿ 2019ರವರೆಗಿನ ಹಲವು ಮಾಡೆಲ್‌ಗಳ ಎಸ್‌ಒಎಸ್ ಸೇವೆ ಸೇಫ್ಟಿ ಕನೆಕ್ಟ್ 3ಜಿಯದ್ದೇ, ಫೋಕ್ಸ್‌ವ್ಯಾಗನ್ ಕಾರ್‌ನೆಟ್‌ನದ್ದೂ ಹೆಚ್ಚುಕಮ್ಮಿ ಅದೇ ಪಾಡು. ಹಳೆಯ ಟೆಸ್ಲಾ ಮಾಡೆಲ್ ಎಸ್‌ಗೆ ಮಾತ್ರ ದುಡ್ಡು ಕೊಟ್ಟರೆ ಎಲ್‌ಟಿಇ ಮೋಡೆಮ್ ಹಾಕಿಕೊಡುವ ದಾರಿ ಇಟ್ಟಿದ್ದರು.

ಆದ್ದರಿಂದ ವರ್ಷ ನೋಡಿ ಊಹಿಸುವುದಕ್ಕಿಂತ ಕಾರಿನ ಹತ್ತಿರ ಹೋದಾಗಲೇ ಪರೀಕ್ಷಿಸಿ. ಹೋಗುವ ಮೊದಲೇ ವಿನ್ ನಂಬರ್ ತರಿಸಿಕೊಂಡು ಆ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, "ಈ ಕಾರಿಗೆ ಹೊಸ ಚಂದಾ ಕೊಡ್ತೀರಾ?" ಅಂತ ಒಂದೇ ಪ್ರಶ್ನೆ ಕೇಳಿ. 3ಜಿ, 4ಜಿ ಅಂತ ಚರ್ಚೆಗೆ ಇಳಿಯಬೇಡಿ. ಚಂದಾ ಮಾರಲು ಒಪ್ಪದಿದ್ದರೆ ಅದೇ ಉತ್ತರ. ಕಾರಿನಲ್ಲಿ ಕೂತಾಗ ಎಸ್‌ಒಎಸ್ ಪಕ್ಕದ ಸಣ್ಣ ದೀಪ ನೋಡಿ: ಟೊಯೊಟಾದಂಥವುಗಳಲ್ಲಿ ಹಸಿರು ಉರಿಯುತ್ತಿದ್ದರೆ ಸೇವೆ ಜೀವಂತ, ಕೆಂಪು ನಿಂತೇ ಇದ್ದರೆ ದೋಷ, ಏನೂ ಉರಿಯದಿದ್ದರೆ ಸೇವೆ ಚಾಲ್ತಿಯಲ್ಲಿಲ್ಲ. ಪರೀಕ್ಷೆಗೆಂದು ಎಸ್‌ಒಎಸ್ ಒತ್ತಬೇಡಿ, ಬದುಕಿದ್ದರೆ ಅದು ನಿಜವಾಗಿ ತುರ್ತು ಕರೆಯೇ ಆಗುತ್ತೆ. "ಐ" ಅಕ್ಷರದ ಮಾಹಿತಿ ಬಟನ್ ಬೇರೆ ಇದ್ದರೆ ಅದನ್ನು ಒತ್ತಿ, ಯಾರಾದರೂ ಮಾತಾಡುತ್ತಾರಾ ನೋಡಿ.

ಹೆಚ್ಚಿನವರು ಯೋಚಿಸದ ತೊಂದರೆ ಬ್ಯಾಟರಿಯದ್ದು. ಟವರ್ ಸಿಗದ ಕೆಲವು ಡಬ್ಬಿಗಳು ಸುಮ್ಮನೆ ಮಲಗುವುದಿಲ್ಲ. ಕಾರು ಆಫ್ ಆದ ಮೇಲೂ ಹುಡುಕುತ್ತಲೇ ಇರುತ್ತವೆ. ಸರಿಯಿರುವ ಕಾರು ನಿಂತಾಗ ಬ್ಯಾಟರಿಯಿಂದ ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಮ್ಮಿ. ಅದು 200ಕ್ಕೆ ಏರಿದರೆ ದಿನಕ್ಕೆ 4.8 ಆಂಪಿಯರ್ ಅವರ್ ಖರ್ಚು. 60 ಆಂಪಿಯರ್ ಅವರ್‌ನ ಬ್ಯಾಟರಿ ಆರು ದಿನದಲ್ಲಿ ಅರ್ಧ ಖಾಲಿ. ಅದರ ಮೇಲೆ ಜನವರಿಯ ಚಳಿ ಬಿದ್ದರೆ ಎಂಜಿನ್ ತಿರುಗುವುದೇ ಇಲ್ಲ. ಅಂಗಡಿಯವರು ಹೊಸ ಬ್ಯಾಟರಿ ಮಾರುತ್ತಾರೆ, ಎರಡು ವಾರಕ್ಕೆ ಮತ್ತೆ ಅದೇ ರಗಳೆ.

ಅಳೆಯುವುದು ಕಷ್ಟವಲ್ಲ. ಬಾನೆಟ್ ತೆರೆದಿಟ್ಟುಕೊಂಡು, ಬಾಗಿಲ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಬಾಗಿಲು ಮುಚ್ಚಿದೆ ಅಂತ ಕಾರಿಗೆ ನಂಬಿಸಿ. ಕೀ ಫಾಬನ್ನು (ರಿಮೋಟ್ ಕೀ) ಮನೆಯೊಳಗೆ ಇಡಿ. ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು ಕೇಬಲ್‌ಗೂ ಬ್ಯಾಟರಿಯ ಕಂಬಕ್ಕೂ ನಡುವೆ ಸೇರಿಸಿ. ಮೊದಲು ಅಂಕಿ ದೊಡ್ಡದಿರುತ್ತೆ, ಗಾಬರಿ ಬೇಡ: ಕೇಬಲ್ ಕಳಚಿದ್ದರಿಂದ ಎಲ್ಲ ಮಾಡ್ಯೂಲ್‌ಗಳೂ ಎದ್ದಿರುತ್ತವೆ. 45 ನಿಮಿಷ ಬಿಟ್ಟು ಓದಿ. ಮೀಟರ್ ಜೋಡಿಸಿರುವಾಗ ಕಾರು ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಹೋಯಿತು ಅಂತಲೇ ಲೆಕ್ಕ. ಅಂಕಿ ಜಾಸ್ತಿಯಿದ್ದರೆ ಆ ಡಬ್ಬಿಯ (ಟೆಲಿಮ್ಯಾಟಿಕ್ಸ್) ಫ್ಯೂಸ್ ಕಿತ್ತು ನೋಡಿ. ಆಗ ಇಳಿದರೆ ಕಳ್ಳ ಸಿಕ್ಕಿದ.

ಆದರೆ ಆ ಫ್ಯೂಸ್ ಕಿತ್ತೇ ಬಿಡಬಹುದಾ ಎಂದರೆ, ಕೆಲವು ಸುಬಾರು, ಟೊಯೊಟಾಗಳಲ್ಲಿ ಬ್ಲೂಟೂತ್ ಮೈಕ್ ಮತ್ತು ಮುಂದಿನ ಸ್ಪೀಕರ್‌ನ ತಂತಿ ಆ ಡಬ್ಬಿಯ ಮೂಲಕವೇ ಹಾದುಹೋಗಿರುತ್ತೆ. ಫ್ಯೂಸ್ ತೆಗೆದರೆ ಫೋನಿನಲ್ಲಿ ನಿಮ್ಮ ಮಾತು ಆಚೆಯವರಿಗೆ ಕೇಳಿಸಲ್ಲ, ಸ್ಪೀಕರೂ ಮೌನ. ಇದಕ್ಕೆ ಡಬ್ಬಿಯ ಕನೆಕ್ಟರ್‌ಗೆ ಹಾಕುವ ಬೈಪಾಸ್ ತಂತಿಗಳು ಸಿಗುತ್ತವೆ. ನಿಮ್ಮ ಮಾಡೆಲ್, ವರ್ಷ ಎರಡೂ ಹೊಂದುವುದನ್ನೇ ತರಿಸಿ.

ನೆಟ್‌ವರ್ಕ್ ಇಲ್ಲದೆಯೂ ನಡೆಯುವವು ಬೇಕಾದಷ್ಟಿವೆ. ಏರ್‌ಬ್ಯಾಗ್, ಎಬಿಎಸ್, ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಬ್ಲೂಟೂತ್, ಕಾರ್‌ಪ್ಲೇ, ಗ್ಯಾರೇಜ್ ಬಾಗಿಲ ಬಟನ್, ಸ್ಯಾಟಲೈಟ್ ರೇಡಿಯೋ, ಇವಕ್ಕೂ ಟವರ್‌ಗೂ ಸಂಬಂಧವಿಲ್ಲ. ನಕ್ಷೆ ತೋರಿಸುತ್ತೆ, ಆ ಡಬ್ಬಿಯಿಂದ ಬರುತ್ತಿದ್ದ ಟ್ರಾಫಿಕ್ ಮಾಹಿತಿ ಮಾತ್ರ ಬರಲ್ಲ. 2022ರ ಜನವರಿಯಲ್ಲಿ ಹಳೆಯ ಹೋಂಡಾ, ಆಕ್ಯುರಾಗಳ ಗಡಿಯಾರ 2002ಕ್ಕೆ ಹಿಂದೆ ಹೋದದ್ದನ್ನು ಕೆಲವರು ಇದಕ್ಕೇ ಗಂಟು ಹಾಕುತ್ತಾರೆ. ಅದು ಜಿಪಿಎಸ್ ದಿನಾಂಕದ ಲೆಕ್ಕದ ಎಡವಟ್ಟು, 3ಜಿಯದ್ದಲ್ಲ.

ಎಸ್‌ಒಎಸ್ ಬದಲಿಗೆ ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ದರೆ ಅಪಘಾತ ಗುರುತಿಸಿ ತಾನೇ 911ಕ್ಕೆ (ಇಲ್ಲಿನ ತುರ್ತು ಸಂಖ್ಯೆ) ಕರೆ ಮಾಡುತ್ತೆ. ಪಿಕ್ಸೆಲ್‌ನಲ್ಲೂ ಇದೆ, ಆದರೆ ಸುರಕ್ಷತಾ ಆ್ಯಪ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಹಳೆಯ ಫೋರ್ಡ್ ಸಿಂಕ್‌ನ 911 ಅಸಿಸ್ಟ್ (ಅಪಘಾತವಾದಾಗ ಕರೆ ಮಾಡುವ ಸೌಲಭ್ಯ) ಬ್ಲೂಟೂತ್ ಮೂಲಕ ನಿಮ್ಮ ಫೋನನ್ನೇ ಬಳಸುವುದರಿಂದ ಅದಕ್ಕೆ 3ಜಿ ಹೋದದ್ದು ತಗುಲಲೇ ಇಲ್ಲ. ನನ್ನ ಕೇಳಿದರೆ ಜಾಣತನದ ವಿನ್ಯಾಸ ಅದೇ. ಚಳಿಗಾಲಕ್ಕೆ ರಿಮೋಟ್ ಸ್ಟಾರ್ಟ್ ಬೇಕೇ ಬೇಕೆಂದರೆ ಆ್ಯಪ್‌ನದ್ದಲ್ಲ, ಫಾಬ್‌ನಿಂದ ನೇರ ರೇಡಿಯೋದಲ್ಲಿ ನಡೆಯುವುದನ್ನು ಹಾಕಿಸಿ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಅದನ್ನು ಒತ್ತಲೇಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ನುಗ್ಗುತ್ತೆ.

ಇಷ್ಟಾದ ಮೇಲೂ ಸೇವೆ ಜೀವಂತವಿರುವ ಹೊಸ 4ಜಿ ಕಾರನ್ನೇ ತೆಗೆದುಕೊಳ್ಳುವುದಾದರೆ, ಚೆಕ್ ಕೊಡುವ ಮೊದಲು ಹಳೆಯ ಮಾಲೀಕರು ತಮ್ಮ ಆ್ಯಪ್‌ನಿಂದ ಆ ಕಾರನ್ನು ನಿಮ್ಮ ಎದುರೇ ತೆಗೆದುಹಾಕಲಿ. ಇಲ್ಲದಿದ್ದರೆ ಕಾರು ಎಲ್ಲಿದೆ ಅನ್ನುವುದು ಅವರ ಫೋನಿಗೇ ಹೋಗುತ್ತಿರುತ್ತೆ, ಬಾಗಿಲು ತೆರೆಯುವ ಅಧಿಕಾರವೂ ಅವರದ್ದೇ ಆಗಿರುತ್ತೆ.