ಯಂತ್ರಕ್ಕೆ ಸೆನ್ಸರ್ ಜೋಡಿಸುವ ಮುನ್ನ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್‌ಗಳನ್ನು (ಎರಕದ ಭಾಗಗಳನ್ನು) ಎಂಟು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳಲ್ಲಿ ಮಷೀನಿಂಗ್ ಮಾಡಿಕೊಡುತ್ತೇವೆ. ಅವುಗಳಲ್ಲಿ ಎರಡು ಬಹಳ ಹಳೆಯವು. ಎಲ್ಲವನ್ನೂ ಇಂಟರ್‌ನೆಟ್‌ಗೆ ಜೋಡಿಸಿ, ಉತ್ಪಾದನೆಯ ಮಾಹಿತಿಯನ್ನು ಮೊಬೈಲ್‌ನಲ್ಲಿ ತೋರಿಸುವ ವ್ಯವಸ್ಥೆಯನ್ನು ತಿಂಗಳ ಶುಲ್ಕಕ್ಕೆ ಒದಗಿಸುವುದಾಗಿ ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ನಮ್ಮಂಥವರಿಗೆ ಇದು ಬೇಕೇ?

ಉತ್ತರ: ಬೇಕು, ಆದರೆ ಎಂಟೂ ಯಂತ್ರಗಳಿಗೆ ಒಮ್ಮೆಲೇ ಬೇಡ. ನಿಮ್ಮ ಕೆಲಸ ಎಲ್ಲಿ ನಿಲ್ಲುತ್ತಿದೆಯೋ ಆ ಒಂದು ಯಂತ್ರದಿಂದ ಆರಂಭಿಸಿ. ಯಂತ್ರ ಲಭ್ಯವಿದ್ದ ಸಮಯ, ಓಡಿದ ವೇಗ, ಸರಿಯಾಗಿ ಬಂದ ಜಾಬ್‌ಗಳ ಪ್ರಮಾಣ, ಈ ಮೂರನ್ನು ಗುಣಿಸಿದಾಗ ಬರುವ ಅಂಕಿಯನ್ನೇ ಉದ್ಯಮದವರು ಓಇಇ (ಯಂತ್ರದ ಒಟ್ಟಾರೆ ದಕ್ಷತೆ) ಎನ್ನುತ್ತಾರೆ. ಲಭ್ಯತೆ ಶೇ 90, ವೇಗ ಶೇ 80, ಗುಣಮಟ್ಟ ಶೇ 95 ಇದ್ದರೆ ಒಟ್ಟು ಫಲ ಶೇ 68.4 ಮಾತ್ರ. ಬಿಡಿಯಾಗಿ ನೋಡಿದಾಗ ಮೂರೂ ಚೆನ್ನಾಗಿಯೇ ಕಾಣುವುದರಿಂದ ಈ ನಷ್ಟ ರಿಜಿಸ್ಟರ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ.

ಹೊಸ ಸಿಎನ್‌ಸಿಗಳಲ್ಲಿ ಸಾಮಾನ್ಯವಾಗಿ ಈಥರ್ನೆಟ್ ಪೋರ್ಟ್ ಇರುತ್ತದೆ; ಎಂಟಿಕನೆಕ್ಟ್ ಅಥವಾ ಒಪಿಸಿ ಯುಎ ಎಂಬ ಮುಕ್ತ ಮಾನದಂಡಗಳ ಮೂಲಕ ಅವುಗಳಿಂದ ಮಾಹಿತಿ ಪಡೆಯಬಹುದು. ಹಳೆಯವುಗಳ ಕಂಟ್ರೋಲರ್ ಬದಲಿಸಬೇಕಾಗಿಲ್ಲ. ಸ್ಪಿಂಡಲ್ ಮೋಟಾರಿನ ತಂತಿಗೆ ಹಾಕುವ, ವಿದ್ಯುತ್ ಪ್ರವಾಹ ಅಳೆಯುವ ಸಿ.ಟಿ. ಕ್ಲಾಂಪ್ ಒಂದೇ ಯಂತ್ರ ಕತ್ತರಿಸುತ್ತಿದೆಯೋ ಸುಮ್ಮನೆ ನಿಂತಿದೆಯೋ ಎಂಬುದನ್ನು ತಿಳಿಸುತ್ತದೆ. ಏಕೆ ನಿಂತಿದೆ ಎಂಬುದನ್ನು ಮಾತ್ರ ಅದು ಹೇಳಲಾರದು. ಇನ್ಸರ್ಟ್ (ಕತ್ತರಿಸುವ ಅಲಗು) ಮುರಿಯಿತೇ, ಕಾಸ್ಟಿಂಗ್ ಬರಲಿಲ್ಲವೇ, ಸೆಟ್ಟಿಂಗ್ ನಡೆಯುತ್ತಿದೆಯೇ ಎಂಬುದನ್ನು ಆಪರೇಟರ್ ಗುಂಡಿಯೊತ್ತಿ ದಾಖಲಿಸಬೇಕು. ತನ್ನ ಮೇಲೆ ಕಣ್ಣಿಡಲು ಇದನ್ನು ತಂದಿದ್ದಾರೆಂದು ಅವನಿಗೆ ಅನ್ನಿಸಿದರೆ ಪ್ರತಿ ಬಾರಿಯೂ ಒಂದೇ ಗುಂಡಿ ಒತ್ತುತ್ತಾನೆ, ನಿಮ್ಮ ಕೈಗೆ ಅಂದವಾದ ಸುಳ್ಳು ನಕ್ಷೆಗಳು ಬರುತ್ತವೆ. ಇಂಥ ಯೋಜನೆಗಳು ಸೋಲುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮೊದಲ ಕೆಲವು ತಿಂಗಳು ಈ ಅಂಕಿಗಳನ್ನು ಯಾರ ಸಂಬಳಕ್ಕೂ ಬೋನಸ್ಸಿಗೂ ತಳಕು ಹಾಕಬೇಡಿ.

ಕಂಪ್ರೆಸರ್‌ಗೂ ಒಂದು ಎನರ್ಜಿ ಮೀಟರ್ ಕೂರಿಸಿ. ರಾತ್ರಿ ಕೆಲಸವಿಲ್ಲದಾಗಲೂ ಅದು ಮತ್ತೆ ಮತ್ತೆ ಲೋಡ್ ತೆಗೆದುಕೊಳ್ಳುತ್ತಿದ್ದರೆ ಗಾಳಿಯ ಪೈಪುಗಳು ಸೋರುತ್ತಿವೆ ಎಂದೇ ತಿಳಿಯಬಹುದು. ಈ ಮೀಟರ್‌ಗಳಲ್ಲಿ ಹೆಚ್ಚಿನವು ಬಳಸುವುದು 1979ರಷ್ಟು ಹಳೆಯದಾದ ಮಾಡ್‌ಬಸ್ ಎಂಬ ಸಂವಹನ ವಿಧಾನವನ್ನು, ಹಾಗಾಗಿ ಖರ್ಚೂ ಕಡಿಮೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಚಂದಾ ನಿಲ್ಲಿಸಿದ ಮೇಲೂ ನಿಮ್ಮ ಮೂಲ ಮಾಹಿತಿ ಪೂರ್ತಿಯಾಗಿ ನಿಮಗೆ ಸಿಗುವುದೆಂದು ಬರೆಸಿಕೊಳ್ಳಿ. ಸಾಧ್ಯವಾದರೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯ (ಸಿಎಂಟಿಐ) ಸ್ಮಾರ್ಟ್ ಉತ್ಪಾದನಾ ಪ್ರಾತ್ಯಕ್ಷಿಕೆ ಘಟಕವನ್ನು ವಿಚಾರಿಸಿ. ಮಾರಾಟಗಾರರ ಮಾತಿನಾಚೆಗೆ ಯಂತ್ರಗಳನ್ನೇ ನೋಡಿ ತಿಳಿಯುವುದು ಒಳ್ಳೆಯದು.

ಪ್ರಶ್ನೆ: ಇಷ್ಟು ಸಣ್ಣ ಘಟಕಕ್ಕೆ ಹ್ಯಾಕಿಂಗ್ ಭಯವೇಕೆ?

ಉತ್ತರ: 2016ರ ಮಿರಾಯ್ ಎಂಬ ಕುತಂತ್ರಾಂಶದ ದಾಳಿಯು ಕಂಪನಿಗಳ ಗಾತ್ರ ನೋಡಿ ಸಾಧನಗಳನ್ನು ಆರಿಸಲಿಲ್ಲ. ತಯಾರಕರು ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತು. ಪಾಸ್‌ವರ್ಡ್ ಬದಲಿಸಿ, ಯಂತ್ರಗಳ ಜಾಲವನ್ನು ಕಚೇರಿಯ ವೈಫೈನಿಂದ ಬೇರ್ಪಡಿಸಿ, ದುರಸ್ತಿಗೆ ದೂರದಿಂದ ಸಂಪರ್ಕಿಸುವವರಿಗೆ ಆ ಹೊತ್ತಿಗಷ್ಟೇ ಪ್ರವೇಶ ಕೊಡಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಇಂಥ ಸಾಧನಗಳ ಮೇಲಿನ ದಾಳಿಯನ್ನೂ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಲಾಗ್‌ಗಳನ್ನು (ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಬೇಕು. ಅದನ್ನು ಮಾಡುವವರು ನೀವೋ, ಸೇವೆ ಕೊಡುವ ಸಂಸ್ಥೆಯೋ ಎಂಬುದೂ ಒಪ್ಪಂದದಲ್ಲಿರಲಿ.